ಹುಳುಮನೆ ಸುಮ್ಮನಾದ ಮಧ್ಯಾಹ್ನ

ಇಂಥ ಅನುಭವಗಳನ್ನು ಯಾರಾದರೂ ನನ್ನೆದುರು ಹೇಳಲು ಹೊರಟರೆ ಅವರನ್ನು ಪೂರ್ತಿ ಹೇಳಲು ಬಿಟ್ಟವಳೇ ಅಲ್ಲ ನಾನು. ಮದುವೆ ಮನೆಯಲ್ಲೋ ಸ್ಟಾಫ್ ರೂಮಿನಲ್ಲೋ ಒಬ್ಬರು "ನಮ್ ಚಿಕ್ಕಪ್ಪ ಒಂದಿನ ತೋಟದಿಂದ ಬರ್ತಾ ಇದ್ರಂತೆ..." ಎಂದು ದನಿ ತಗ್ಗಿಸಿದರೆ ಸಾಕು, "ಜೊತೇಲಿ ಇನ್ಯಾರಿದ್ರು? ಕನ್ನಡಕ ಹಾಕಿದ್ರಾ? ಕುಡಿದಿದ್ರಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಕಾರಣವಿಲ್ಲದೆ ಎಲೆ ಕೂಡ ಅಲ್ಲಾಡುವುದಿಲ್ಲ ಎಂದು ಮಕ್ಕಳಿಗೆ ವರ್ಷಗಟ್ಟಲೆ ಹೇಳಿದ್ದೇನೆ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಗೆ ನನಗೆ ಇವತ್ತಿನವರೆಗೂ ಕಾರಣ ಸಿಕ್ಕಿಲ್ಲ. ನೀವು ನನ್ನನ್ನು ನಂಬಬೇಕೆಂದು ಬಲವಂತವೇನಿಲ್ಲ. ನಾನು ಬೇರೆಯವರಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನೇ ನನಗೂ ಕೇಳಿ, ಉತ್ತರ ಕೊಡುತ್ತೇನೆ.

ನನ್ನ ತವರು ಚಿಂತಾಮಣಿ. ಕೊಟ್ಟದ್ದು ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯ ಒಂದು ಹಳ್ಳಿಗೆ. ಗಂಡನ ಮನೆಯವರದು ತಲೆತಲಾಂತರದಿಂದ ರೇಷ್ಮೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡೇ ಹುಳು ಸಾಕುವ ಉದ್ದನೆಯ ಕೋಣೆ. ಅದಕ್ಕೆ ಹುಳುಮನೆ ಅನ್ನುತ್ತೇವೆ. ಆ ಹುಳುಮನೆಯ ಸರ್ವಾಧಿಕಾರಿ ನಮ್ಮ ಅತ್ತೆ ಅಕ್ಕಯ್ಯಮ್ಮ. ಹೊರಗೆ ಏನಾದರೂ ನಡೆಯಲಿ, ಆ ಹೊಸಿಲಿನ ಒಳಗೆ ಅವರ ಮಾತೇ ಮಾತು. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ, ಊದಿನಕಡ್ಡಿ ಹಚ್ಚುವಂತಿಲ್ಲ, ಸಾವಿನ ಮನೆಗೆ ಹೋಗಿ ಬಂದವರು ಸ್ನಾನ ಮಾಡದೆ ಆ ಕಡೆ ತಲೆ ಹಾಕುವಂತಿಲ್ಲ. ಇವಕ್ಕೆಲ್ಲ ನಾನು ಸೈ. ಸೋಂಕು, ಹೊಗೆ ಎರಡೂ ಹುಳಕ್ಕೆ ಆಗುವುದಿಲ್ಲ. ನನ್ನ ಜಗಳವಿದ್ದದ್ದು ಇನ್ನೊಂದು ನಿಯಮದ ಬಗ್ಗೆ: ಹುಳುಮನೆಯೊಳಗೆ ಸಾವು ಎಂಬ ಮಾತನ್ನು ಯಾರೂ ಆಡಬಾರದು. ಹುಳ ಸತ್ತಿದ್ದರೂ "ಮಲಗೈತೆ" ಅನ್ನಬೇಕು.

"ಅತ್ತೆ, ಹುಳಕ್ಕೆ ಕಿವಿನೇ ಇಲ್ಲ, ಅದಕ್ಕೆ ಹೆಂಗೆ ಕೇಳ್ಸುತ್ತೆ?" ಎಂದು ನಾನು.

"ನಿಂಗೈತಲ್ಲ ಕಿವಿ, ಎರಡೆರಡು. ನಾನು ಹೇಳಿದ್ದು ಒಂದಾದ್ರೂ ಕೇಳ್ಸೈತಾ?" ಎಂದು ಅವರು.

ಹೀಗೆ ನಮ್ಮ ಸಂಸಾರ ಚೆನ್ನಾಗಿಯೇ ನಡೆದಿತ್ತು. ಕೆಲವು ವರ್ಷಗಳ ಹಿಂದೆ ನನಗೆ ಡೆಂಗ್ಯೂ ಬಂತು. ಅದು ಶ್ವಾಸಕೋಶಕ್ಕೆ ಇಳಿದು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಗಂಟಲೊಳಗೆ ಕೊಳವೆ ಹಾಕಿ ವಾರಗಟ್ಟಲೆ ವೆಂಟಿಲೇಟರಿನಲ್ಲಿ ಮಲಗಿಸಿದರು. ಆ ದಿನಗಳ ನೆನಪು ನನಗಿಲ್ಲ. ಬದುಕಿ ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ದೃಷ್ಟಿ ತೆಗೆದು, "ಜ್ವರದಿಂದ ಎದ್ದ ಹುಳ ಜಾಸ್ತಿ ತಿನ್ನಬೇಕು, ತಿನ್ನು" ಎಂದು ತಟ್ಟೆ ತುಂಬ ಬಡಿಸಿದರು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಇರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರದಿಂದ ಎದ್ದ ಹುಳಕ್ಕೆ ರಾಕ್ಷಸ ಹಸಿವು. ನನಗೂ ಹಾಗೇ ಆಗಬೇಕು ಎಂಬುದು ಅವರ ಆಸೆ.

ಆದರೆ ನನಗೆ ದಿನೇ ದಿನೇ ಉಸಿರು ಸಾಲದಾಯಿತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ನಡೆಯುವಾಗ, ಕೊನೆಗೆ ಮಾತಾಡುವಾಗ. ಉಸಿರು ಎಳೆದುಕೊಂಡಾಗಲೆಲ್ಲ ಗಂಟಲಿನಿಂದ ಸಣ್ಣಗೆ ಸೀಟಿ ಊದಿದ ಸದ್ದು. ಆಸ್ತಮಾ ಇರಬೇಕೆಂದು ಇನ್‌ಹೇಲರ್‌ನಿಂದ ಔಷಧಿ ಎಳೆದುಕೊಂಡೆ, ಪ್ರಯೋಜನವಾಗಲಿಲ್ಲ. ಕೊನೆಗೆ ಬೆಂಗಳೂರಿನ ಶ್ವಾಸಕೋಶದ ಡಾಕ್ಟರೊಬ್ಬರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ ಹೇಳಿದರು: ವೆಂಟಿಲೇಟರ್ ಕೊಳವೆ ಒತ್ತಿದ್ದ ಜಾಗದಲ್ಲಿ ಶ್ವಾಸನಾಳದ ಒಳಗೆ ಗಾಯವಾಗಿದೆ, ಆ ಗಾಯ ಮಾಯುತ್ತ ಮಾಯುತ್ತ ನಾಳ ಕಿರಿದಾಗಿಬಿಟ್ಟಿದೆ. ನನ್ನ ಜೀವ ಉಳಿಸಿದ ಕೊಳವೆಯೇ ಈ ಕೆಲಸ ಮಾಡಿತ್ತು, ಯಾರನ್ನು ದೂರುವುದು? ಡಾಕ್ಟರು ಹೆಂಗಸು, ನನ್ನ ವಯಸ್ಸಿನವರೇ, ಮಾತು ಕಡಿಮೆ. ಅವರು ಮೊದಲು ಬಲೂನು ಊದಿ ನಾಳವನ್ನು ಅಗಲ ಮಾಡಿದರು. ನಾಲ್ಕು ದಿನ ಹಾಯಾಗಿದ್ದೆ, ಆಮೇಲೆ ಮತ್ತೆ ಅದೇ ಸೀಟಿ. ಎರಡನೇ ಸಲ ಅವರು ಒಳಗೆ ಸ್ಟೆಂಟ್ ಇಟ್ಟರು.

ಸ್ಟೆಂಟ್ ಎಂದರೆ ಎಲ್ಲರಿಗೂ ಹೃದಯದ್ದು ಗೊತ್ತು. ಶ್ವಾಸನಾಳಕ್ಕೂ ಇಡುತ್ತಾರೆ ಎಂಬುದು ನನಗೇ ಗೊತ್ತಿರಲಿಲ್ಲ. ಹೆಬ್ಬೆರಳಿನಷ್ಟು ಉದ್ದದ, ಮೆತ್ತನೆಯ ಸಿಲಿಕೋನ್ ಕೊಳವೆ. ಕಿರಿದಾದ ಜಾಗದಲ್ಲಿ ಅದು ಕುಳಿತು ಗೋಡೆಯನ್ನು ತಳ್ಳಿಹಿಡಿಯುತ್ತದೆ. ಎಚ್ಚರವಾದ ಮೇಲೆ ತೆಗೆದುಕೊಂಡ ಮೊದಲ ಉಸಿರು ಎದೆಯ ತಳದವರೆಗೂ ಇಳಿದಾಗ ನಾನು ಅತ್ತುಬಿಟ್ಟೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುತ್ತದೆ! ಮುಂದಿನ ತಪಾಸಣೆಯಲ್ಲಿ ಡಾಕ್ಟರು ನನ್ನ ಹಟಕ್ಕೆ ಪರದೆಯ ಮೇಲೆ ತೋರಿಸಿದರು. ಸ್ಟೆಂಟಿನ ಕೆಳತುದಿಯಲ್ಲಿ ಕೆಂಪಗೆ ದಾಳಿಂಬೆ ಕಾಳಿನಂಥ ಮಾಂಸ ಬೆಳೆದಿತ್ತು.

"ಕೊಳವೆ ಅಂಚು ಉಜ್ಜೋ ಕಡೆ ಮೈ ಸುಮ್ನಿರಲ್ಲ. ಗಾಯ ಅಂದ್ಕೊಂಡು ಮಾಂಸ ಬೆಳೆಸುತ್ತೆ. ಬೆಳೀತಾ ಹೋದ್ರೆ ದಾರಿ ಮುಚ್ಚುತ್ತೆ" ಎಂದರು ಡಾಕ್ಟರು.

"ಎಷ್ಟು ಸಲ ಹಿಂಗೆ ಬೆಳೆಯುತ್ತೆ?" ಎಂದು ಕೇಳಿದೆ.

"ಅದಕ್ಕೆ ಬೇಜಾರಾಗೋವರೆಗೂ."

"ನಂಗಂತೂ ಬೇಜಾರಾಗಲ್ಲ ಮೇಡಂ. ಅದು ಬೆಳೀಲಿ, ನೀವು ತೆಗೀರಿ" ಎಂದೆ. ಅವರು ನಕ್ಕರು. ಆವತ್ತೇ ಆ ಮಾಂಸವನ್ನು ಕೊರೆಯುವಷ್ಟು ತಣ್ಣನೆಯ ಕಡ್ಡಿ ತಾಗಿಸಿ ಹೆಪ್ಪುಗಟ್ಟಿಸಿ ಕಿತ್ತು ತೆಗೆದರು. ನಮ್ಮ ತೋಟದ ಬೇಲಿಗೆ ಹೊಡೆದ ತಂತಿಯನ್ನು ಹೊಂಗೆಮರ ಹೇಗೆ ತನ್ನ ತೊಗಟೆಯೊಳಗೆ ನುಂಗಿಕೊಂಡಿದೆಯೋ ಹಾಗೆಯೇ ಇದೂ ಎಂದು ನನಗೆ ನಾನೇ ವಿವರಿಸಿಕೊಂಡೆ. ವಿವರ ಸಿಕ್ಕರೆ ನನಗೆ ಅರ್ಧ ಧೈರ್ಯ.

ಮನೆಗೆ ಕಳಿಸುವಾಗ ಡಾಕ್ಟರು ಎರಡು ವಿಷಯ ಒತ್ತಿ ಹೇಳಿದರು. ಒಂದು, ಗಾಳಿ ಒಣಗಬಾರದು. ಒಣಗಿದರೆ ಕಫ ಗಟ್ಟಿಯಾಗಿ ಸ್ಟೆಂಟಿನೊಳಗೆ ಅಂಟಿಕೊಳ್ಳುತ್ತದೆ. ದಿನವೂ ಉಪ್ಪುನೀರಿನ ಹಬೆ ತೆಗೆದುಕೊಳ್ಳಬೇಕು, ಚೆನ್ನಾಗಿ ನೀರು ಕುಡಿಯಬೇಕು. ಎರಡು, ಸೀಟಿಗೆ ಕಿವಿ ಕೊಟ್ಟಿರಬೇಕು. "ಸುಮ್ನೆ ಕೂತಾಗ್ಲೂ ಸೀಟಿ ಕೇಳಿಸ್ತು ಅಂದ್ರೆ ನಾಳೆ ನೋಡೋಣ ಅನ್ಬೇಡಿ. ಅವತ್ತೇ ಹೊರಟು ಬನ್ನಿ." ಈ ಎರಡೂ ಮಾತುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಗುರಿ ಒಂದೇ ಇತ್ತು. ನನಗೆ ಮತ್ತೆ ತರಗತಿಯಲ್ಲಿ ನಿಂತು ಪಾಠ ಹೇಳಬೇಕಿತ್ತು. ನನ್ನ ದನಿ ಆಗ ಗಾಳಿಯೇ ಹೆಚ್ಚು, ಸದ್ದೇ ಕಡಿಮೆ. ಮೂರನೇ ಬೆಂಚಿಗೂ ಮುಟ್ಟುತ್ತಿರಲಿಲ್ಲ. ರಜೆಯ ಮೇಲೆ ರಜೆ ಬರೆದದ್ದಾಯಿತು. ಗೌರಿಬಿದನೂರಿನಿಂದ ಬಂದ ನಾದಿನಿ, "ಆಫೀಸು ಕೆಲಸಕ್ಕೆ ಹಾಕಿಸ್ಕೊಂಡುಬಿಡಿ ಅತ್ತಿಗೆ, ಜೀವ ಮುಖ್ಯ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಯ ಬೆಂಚಿನ ಮಗು ಎದ್ದು ನಿಂತು "ಅರ್ಥ ಆಗ್ಲಿಲ್ಲ ಮಿಸ್" ಅನ್ನುವುದನ್ನು ಕೇಳಿಸಿಕೊಳ್ಳದೆ ಬದುಕುವುದು ನನಗೆ ಬದುಕಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ನಾನು ಬೋರ್ಡಿನ ಮುಂದೆ ನಿಲ್ಲಲೇಬೇಕು ಎಂದು ತೀರ್ಮಾನಿಸಿದ್ದೆ. ಹಬೆ ತಪ್ಪಿಸಲಿಲ್ಲ, ಮಾತ್ರೆ ತಪ್ಪಿಸಲಿಲ್ಲ, ಅನ್ನದಷ್ಟೇ ನಿಯಮವಾಗಿ ಉಸಿರಿನ ವ್ಯಾಯಾಮ ಮಾಡಿದೆ.

ಆ ಬೇಸಿಗೆ ಮಾತ್ರ ಕೆಟ್ಟದ್ದು. ನಮ್ಮ ಕಡೆಯ ಏಪ್ರಿಲ್ ಗಾಳಿ ಗೊತ್ತಲ್ಲ, ತುಟಿ ಬಿರಿಯುವಂಥ ಒಣಗಾಳಿ. ಅಂಗಳಕ್ಕೆ ಕಾಲಿಟ್ಟರೆ ಕೆಮ್ಮು. ಆಗಲೇ ನನಗೆ ಒಂದು ಬುದ್ಧಿವಂತಿಕೆ ಹೊಳೆಯಿತು. ನಮ್ಮ ಊರಿನಲ್ಲೇ ಅತ್ಯಂತ ತೇವವಾದ ಗಾಳಿ ಎಲ್ಲಿದೆ? ಹುಳುಮನೆಯಲ್ಲಿ. ಬೇಸಿಗೆಯಲ್ಲಿ ಹುಳು ಒಣಗಬಾರದೆಂದು ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುತ್ತಾರೆ, ನೆಲಕ್ಕೆ ನೀರು ಚಿಮುಕಿಸುತ್ತಾರೆ, ಮೇಲೆ ಹಸಿ ಸೊಪ್ಪು ಬೇರೆ. ಹುಳಕ್ಕೆ ಒಳ್ಳೆಯದಾದ ಗಾಳಿ ನನ್ನ ಸ್ಟೆಂಟಿಗೂ ಒಳ್ಳೆಯದೇ. ಅತ್ತೆಗೆ ಹೇಳಿದೆ. ಅವರು "ಬಾ, ಆದ್ರೆ ಬಾಯಿಗೆ ಬಂದಿದ್ದು ಮಾತಾಡಂಗಿಲ್ಲ" ಎಂದು ಅಪ್ಪಣೆ ಕೊಟ್ಟರು. ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡೆ.

ನಿಜಕ್ಕೂ ಹಾಯಾಯಿತು. ಕೆಮ್ಮು ನಿಂತಿತು, ಕಫ ಸಡಿಲವಾಯಿತು. ಹುಳು ನಾಲ್ಕನೇ ಜ್ವರದಿಂದ ಎದ್ದವು. ಆಮೇಲಿನ ವಾರ ನಮ್ಮ ಮನೆಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಸಾವಿರಾರು ಹುಳುಗಳು ಹಗಲು ರಾತ್ರಿ ಎನ್ನದೆ ಸೊಪ್ಪು ಮೇಯುತ್ತವೆ, ಎಷ್ಟು ಹಾಕಿದರೂ ಸಾಲದು. ಆ ಮೇಯುವ ಸದ್ದು ತೋಟದ ಮೇಲೆ ಸೋನೆ ಮಳೆ ಬಿದ್ದ ಹಾಗೆ ಒಂದೇ ಸಮ. ಆ ವಾರ ಮನೆಮಂದಿಯೆಲ್ಲ ಹುಳುಮನೆಯ ಮಗ್ಗುಲಲ್ಲೇ ಬಾಗಿಲು ತೆರೆದುಕೊಂಡು ಮಲಗುತ್ತೇವೆ. ಹಗಲೆಲ್ಲ ಆ ಸದ್ದಿನಲ್ಲಿ ಕೂತು, ರಾತ್ರಿಯೆಲ್ಲ ಆ ಸದ್ದಿನಲ್ಲೇ ಮಲಗಿ ನಾನು ದಿನ ಕಳೆದೆ. ನಮ್ಮ ಮನೆಯವರು ಮುನಿರಾಜು ಒಂದು ಬೆಳಿಗ್ಗೆ, "ನಿನ್ ಸೀಟಿ ಪೂರ್ತಿ ನಿಂತೋಯ್ತು ಕಣೇ" ಎಂದು ಸಂತೋಷಪಟ್ಟರು. ನಾನೂ ಬೀಗಿದೆ.

ಈಗ ನಿಮಗೆ ಗೊತ್ತಾಗಿರಬೇಕು ನಾವು ಮಾಡಿದ ಎಡವಟ್ಟು. ಸೀಟಿಗೆ ಕಿವಿ ಕೊಟ್ಟಿರಬೇಕೆಂದು ಡಾಕ್ಟರು ಹೇಳಿದ್ದರು. ನಾನು ಕಿವಿ ಕೊಟ್ಟೇ ಇದ್ದೆ, ಆದರೆ ಸೀಟಿ ಯಾವತ್ತೂ ಕೇಳಿಸಲು ಸಾಧ್ಯವೇ ಇಲ್ಲದ ಒಂದು ಜಾಗದಲ್ಲಿ ಕೂತು. ರೇಷ್ಮೆ ಸಾಕುವವರಿಗಲ್ಲದೆ ಈ ಎಡವಟ್ಟು ಇನ್ಯಾರಿಗೂ ಸಾಧ್ಯವಿಲ್ಲ. ನಡೆಯುವ ಕೆಲಸವಿರಲಿಲ್ಲ, ಹಾಗಾಗಿ ಏದುಸಿರೂ ಕಾಣಿಸಲಿಲ್ಲ. ಸ್ವಲ್ಪ ಸುಸ್ತು ಇತ್ತು, ಬಿಸಿಲಿನದು ಎಂದುಕೊಂಡೆ.

ಆ ಮಧ್ಯಾಹ್ನ ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಫ್ಯಾನು ಇಲ್ಲ, ಮೋಟರು ಇಲ್ಲ, ಹುಳುಗಳ ಸದ್ದು ಮಾತ್ರ. ನಾನು ಕುರ್ಚಿಯಲ್ಲಿ ಕೂತು ಹತ್ತನೇ ತರಗತಿಗೆ ಬೆಳಕಿನ ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಅತ್ತೆ ಹುಳು ಮೇಯಲು ಸೊಪ್ಪು ಹಾಸುವ ಎರಡನೇ ಅಟ್ಟಣೆಯ ಹತ್ತಿರ ನಿಂತು ಒಣಗಿದ ಕಡ್ಡಿ ತೆಗೆಯುತ್ತಿದ್ದರು. ನಮ್ಮಲ್ಲಿ ಕೆಲಸಕ್ಕೆ ಬರುವ ರತ್ನಮ್ಮ ಹೊಸಿಲ ಹೊರಗೆ ಕಾಲು ತೊಳೆಯುತ್ತಿದ್ದಳು. ಮುನಿರಾಜು ತೋಟದಿಂದ ಲಗೇಜ್ ಆಟೋದಲ್ಲಿ ಸೊಪ್ಪು ತುಂಬಿಕೊಂಡು ಬಂದು ಆಗತಾನೆ ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಬೇವಿನ ಮರದ ಕೆಳಗೆ ನೀರು ಕುಡಿಯುತ್ತಿದ್ದರು.

ಆಗ ಹುಳುಗಳು ಮೇಯುವುದನ್ನು ನಿಲ್ಲಿಸಿದವು.

ಕ್ರಮೇಣ ಕಡಿಮೆಯಾದದ್ದಲ್ಲ. ಒಂದು ಮೂಲೆಯಲ್ಲಿ ನಿಂತು ಇನ್ನೊಂದು ಮೂಲೆಯಲ್ಲಿ ಮುಂದುವರಿದದ್ದೂ ಅಲ್ಲ. ಇಡೀ ಕೋಣೆ, ಮೇಲಿನ ಅಟ್ಟಣೆಯಿಂದ ಕೆಳಗಿನದರವರೆಗೆ, ಒಟ್ಟಿಗೆ. ಸದ್ದು ಇತ್ತು, ಸದ್ದು ಇಲ್ಲ. ಅತ್ತೆಯ ಕೈ ಇದ್ದಲ್ಲೇ ನಿಂತಿತು. ನಾನು ಪೆನ್ನು ಬಿಟ್ಟು ಹತ್ತಿರದ ಅಟ್ಟಣೆ ನೋಡಿದೆ. ಹಸಿ ಸೊಪ್ಪಿನ ಮೇಲೆಯೇ ಹುಳುಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ಇದ್ದವು, ಥೇಟ್ ಜ್ವರ ಬಂದಾಗ ಇರುವ ಹಾಗೆ. ನಾಲ್ಕು ಜ್ವರ ಮುಗಿದ ಹುಳಕ್ಕೆ ಐದನೆಯದು ಇಲ್ಲ. ಅದು ಮೇಯಬೇಕು, ಮೈ ಹಳದಿಗೆ ತಿರುಗಿ ಹಣ್ಣಾಗಬೇಕು, ಗೂಡು ಕಟ್ಟಬೇಕು. ಇದು ಅತ್ತೆಗೂ ಗೊತ್ತು, ನನಗೂ ಗೊತ್ತು.

ಆ ನಿಶ್ಶಬ್ದದಲ್ಲಿ ಸೀಟಿ ಕೇಳಿಸಿತು.

ಸಣ್ಣಗೆ, ಎಳೆದ ಹಾಗೆ, ಬಿಟ್ಟು ಬಿಟ್ಟು. ಅತ್ತೆ ಕಿಟಕಿಯ ಕಡೆ ನೋಡಿದರು. "ಯಾರದು ಸೀಟಿ ಹೊಡೀತಿರೋದು?" ಎಂದರು ಪಿಸುದನಿಯಲ್ಲಿ. ನಾನೂ ಬಾಗಿಲ ಕಡೆ ನೋಡಿದೆ. ಹಕ್ಕಿ ಇರಬಹುದು, ಅಡುಗೆಮನೆಯಲ್ಲಿ ಕುಕ್ಕರು ಇರಬಹುದು. ರತ್ನಮ್ಮ ಹೊಸಿಲಲ್ಲಿ ಒದ್ದೆ ಕಾಲಿನಲ್ಲೇ ನಿಂತಿದ್ದಳು. ಸರಿಯಾಗಿ ಕೇಳಿಸಿಕೊಳ್ಳೋಣ ಎಂದು ನಾನು ಉಸಿರು ಬಿಗಿಹಿಡಿದೆ. ಸೀಟಿ ನಿಂತಿತು. ಉಸಿರು ಎಳೆದುಕೊಂಡೆ. ಸೀಟಿ ಶುರುವಾಯಿತು.

ಮೂವರಿಗೂ ಒಂದೇ ಸಲ ತಿಳಿಯಿತು. ಸುಮ್ಮನೆ ಕೂತಿದ್ದೇನೆ, ಆದರೂ ಸೀಟಿ. ಎಷ್ಟು ದಿನದಿಂದಲೋ ಏನೋ!

ನಮ್ಮ ಅತ್ತೆಗೆ ಗಾಬರಿಯಾದಾಗ, ಸಿಟ್ಟು ಬಂದಾಗ ತೆಲುಗು ಬರುತ್ತದೆ. ಅವರು ಕೈಯಲ್ಲಿದ್ದ ಕಡ್ಡಿಗಳನ್ನು ನೆಲಕ್ಕೆ ಎಸೆದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ನಾನು ಹುಚ್ಚಿಯ ಹಾಗೆ, "ಅತ್ತೆ, ಹುಳಕ್ಕೆ ಏನಾಯ್ತು ನೋಡಿ ಮೊದ್ಲು" ಎಂದೆ. ಆಗ ಅವರು ಹುಳುಮನೆಯ ನಟ್ಟನಡುವೆ ನಿಂತು ಕೂಗಿದರು:

"ಪುರುಗುಲು ಚಸ್ತೇ ಚಾವನಿ, ಪದ!"

ಹುಳ ಸತ್ತರೆ ಸಾಯಲಿ, ನಡಿ. ಸೊಸೆಯಾಗಿ ಬಂದಂದಿನಿಂದ ಆ ಕೋಣೆಯಲ್ಲಿ ನಾನು ಕೇಳದ ಮಾತು ಅದು. ಅವರ ಬಾಯಿಂದಲೇ ಬಂತು. ನನಗೆ ಸೀಟಿಗಿಂತ ಹೆಚ್ಚು ಭಯವಾದದ್ದು ಆ ಮಾತಿನಿಂದ. ಹಾಗಾದರೆ ನನ್ನ ಸ್ಥಿತಿ ಅಷ್ಟು ಕೆಟ್ಟಿದೆ ಎಂದು ಆಗಲೇ ನನಗೆ ಅರ್ಥವಾಗಿದ್ದು.

ಕಾರು ಹುಡುಕಲು ಹೊತ್ತಿರಲಿಲ್ಲ. ಲಗೇಜ್ ಆಟೋದ ಮುಂದೆ ಮುನಿರಾಜು ಪಕ್ಕ ನಾನು, ಹಿಂದೆ ಸೊಪ್ಪಿನ ಹೊರೆಯ ಮೇಲೆ ಅತ್ತೆ. ಸೊಪ್ಪು ಇಳಿಸಬೇಕೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ಪೇರೇಸಂದ್ರದ ಹತ್ತಿರ ಹೈವೇ ಸೇರುವ ಹೊತ್ತಿಗೆ ಒಣಗಾಳಿ ಮುಖಕ್ಕೆ ಹೊಡೆದು ಕೆಮ್ಮು ಶುರುವಾಯಿತು. ಕೆಮ್ಮಿದರೆ ಉಸಿರು ಒಳಗೆ ಬರುತ್ತಿಲ್ಲ. ಕಫದ ಒಂದು ತುಣುಕು ಅಡ್ಡ ಕೂತರೆ ಮುಗಿಯಿತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಡಾಕ್ಟರು ಹೇಳಿಕೊಟ್ಟಂತೆ ನಿಧಾನವಾಗಿ ಎಳೆದು ನಿಧಾನವಾಗಿ ಬಿಟ್ಟೆ. ಸಾಯುವುದಿಲ್ಲ, ಜೂನ್‌ನಲ್ಲಿ ಬೋರ್ಡಿನ ಮುಂದೆ ನಿಲ್ಲುತ್ತೇನೆ, ಸಾಯುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹಿಂದಿನಿಂದ ಅತ್ತೆ ಸೊಪ್ಪಿನ ಮೇಲೆ ಕೂತು "ಊಪಿರಿ ಬಿಡಬ್ಯಾಡ ಕಣಮ್ಮ, ಹಿಡ್ಕೋ, ಹಿಡ್ಕೋ" ಎಂದು ಕೂಗುತ್ತಲೇ ಇದ್ದರು. ಉಸಿರು ಎನ್ನುವುದಕ್ಕೂ ಅವರಿಗೆ ಆ ಹೊತ್ತಿನಲ್ಲಿ ತೆಲುಗೇ ಸಿಕ್ಕಿದ್ದು.

ಚಿಕ್ಕಬಳ್ಳಾಪುರದ ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಸೊಪ್ಪಿನ ಗಾಡಿ ನೋಡಿ, "ಮಾರ್ಕೆಟ್ ಆ ಕಡೆ ಕಣ್ರೀ" ಎಂದ. ಅತ್ತೆ ಹಿಂದಿನಿಂದ ಇಳಿದು ಅವನಿಗೆ ಏನು ಹೇಳಿದರೋ, ಅವನೇ ಓಡಿ ಸ್ಟ್ರೆಚರ್ ತಂದ. ಅಲ್ಲಿ ಆಕ್ಸಿಜನ್ ಕೊಟ್ಟು, ಊತ ಇಳಿಯುವ ಔಷಧಿಯ ಹಬೆ ಕೊಟ್ಟು, ಇಂಜೆಕ್ಷನ್ ಹಾಕಿ, ನನ್ನ ಪರ್ಸಿನಲ್ಲಿದ್ದ ಸ್ಟೆಂಟಿನ ಕಾರ್ಡು ನೋಡಿ ಬೆಂಗಳೂರಿಗೆ ಫೋನು ಮಾಡಿ ಆಂಬುಲೆನ್ಸಿನಲ್ಲಿ ಕಳಿಸಿದರು. ಸಂಜೆಗೆ ಮುಂಚೆ ನಮ್ಮ ಡಾಕ್ಟರ ಮೇಜಿನ ಮೇಲಿದ್ದೆ.

ಆಮೇಲೆ ಅವರು ಚಿತ್ರ ತೋರಿಸಿದರು. ಸ್ಟೆಂಟಿನ ಮೇಲಿನ ಬಾಯಿಯ ಸುತ್ತ ಮಾಂಸ ಬೆಳೆದು ಉಳಿದಿದ್ದ ದಾರಿ ಬಾಲ್‌ಪೆನ್ನಿನ ರೀಫಿಲ್‌ನಷ್ಟು. ಆ ಪುಟ್ಟ ದಾರಿಯಲ್ಲಿ ನಾನು ಉಸಿರಾಡಿಕೊಂಡು, ಹಾಯಾಗಿದೆ ಎಂದುಕೊಂಡು ಟಿಪ್ಪಣಿ ಬರೆಯುತ್ತಿದ್ದೆ. ಹುಳುಮನೆಯ ತೇವ ಕಫವನ್ನು ಸಡಿಲವಾಗಿಟ್ಟಿದ್ದರಿಂದ ಅಷ್ಟರ ಮಟ್ಟಿಗೆ ಬದುಕಿದ್ದೆನಂತೆ. ಅದೇ ತೇವ ನನಗೆ ಏನೂ ಗೊತ್ತಾಗದ ಹಾಗೆಯೂ ಮಾಡಿತ್ತು.

"ರಾತ್ರಿ ಮಲಗಿದ್ರೆ ಬೆಳಿಗ್ಗೆ ಏಳ್ತಿರ್ಲಿಲ್ಲ ನೀವು. ಹೆಂಗೆ ಗೊತ್ತಾಯ್ತು?" ಎಂದು ಡಾಕ್ಟರು ಕೇಳಿದರು.

ನನಗೆ ಮಾತಾಡಲು ಆಗುತ್ತಿರಲಿಲ್ಲ. ಅತ್ತೆಯ ಮುಖ ನೋಡಿದೆ. ಅವರು ಸೆರಗಿನಲ್ಲಿ ಅಂಟಿಕೊಂಡಿದ್ದ ಹಿಪ್ಪುನೇರಳೆ ಎಲೆ ಕಿತ್ತುಕೊಳ್ಳುತ್ತ, "ಸೀಟಿ ಕೇಳಿಸ್ತಮ್ಮ" ಎಂದಷ್ಟೇ ಹೇಳಿದರು. ಹುಳುಗಳ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮನೆಗೆ ಬಂದ ದಿನ ರತ್ನಮ್ಮ ನನ್ನನ್ನು ನೋಡಿ ಕಣ್ಣೊರೆಸಿಕೊಂಡು, ಕೇಳದೆಯೇ ಹೇಳಿದಳು. ಆಟೋ ನಮ್ಮ ಬೀದಿ ದಾಟಿ ತಿರುವಿನಲ್ಲಿ ಮರೆಯಾದದ್ದೇ ತಡ, ಹುಳುಗಳೆಲ್ಲ ತಲೆ ಇಳಿಸಿ ಮೇಯಲು ಶುರು ಮಾಡಿದವಂತೆ. "ಅಕ್ಕಾ, ನಂಗೆ ಒಳಗೆ ಹೋಗಕ್ಕೇ ಭಯ ಆಯ್ತು. ಆಮೇಲೆ ಅಯ್ಯೋ ಪಾಪ, ಹಸ್ಕೊಂಡವೆ ಅಂತ ತೋಟಕ್ಕೋಗಿ ಸೊಪ್ಪು ಕುಯ್ಕೊಂಡು ಬಂದೆ." ಆ ಬೆಳೆ ಯಾವತ್ತಿನ ಹಾಗೇ ಬಂತು. ಹುಳು ಹಣ್ಣಾದವು, ಚಂದ್ರಿಕೆಯ ಬಿದಿರು ತಟ್ಟಿಗೆ ಏರಿ ಗೂಡು ಕಟ್ಟಿದವು, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಒಂದು ಹುಳವೂ ಹೆಚ್ಚಾಗಿ "ಮಲಗಲಿಲ್ಲ".

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಆಕ್ಸಿಜನ್ ಕಡಿಮೆಯಾಗಿ ನನ್ನ ಕಿವಿಯೇ ಮಂಕಾಗಿತ್ತೇ? ಆಗಿದ್ದರೆ ಸೀಟಿ ಕೇಳಿಸುತ್ತಿರಲಿಲ್ಲ. ಅಲ್ಲದೆ ಅತ್ತೆಗೂ ರತ್ನಮ್ಮನಿಗೂ ಸದ್ದು ನಿಂತದ್ದು ಕೇಳಿಸಿತು, ಅವರ ಶ್ವಾಸನಾಳ ಚೆನ್ನಾಗಿಯೇ ಇತ್ತು. ಕರೆಂಟು ಹೋದದ್ದರಿಂದ ಸೆಖೆಯಾಯಿತೇ? ಕರೆಂಟು ಹೋಗಿ ಬಹಳ ಹೊತ್ತಾಗಿತ್ತು, ಅಷ್ಟು ಹೊತ್ತೂ ಮೇಯುತ್ತಲೇ ಇದ್ದವು. ಆಟೋ ಬಂದದ್ದರಿಂದ ನೆಲ ಅದುರಿತೇ? ಆಟೋ ದಿನಕ್ಕೆ ಎಷ್ಟೋ ಸಲ ಬರುತ್ತದೆ. ಪಕ್ಕದ ತೋಟದಲ್ಲಿ ಔಷಧಿ ಹೊಡೆದಿದ್ದರೇ? ಹೊಡೆದಿದ್ದರೆ ಹುಳು ಉಳಿಯುತ್ತಲೇ ಇರಲಿಲ್ಲ. ರೇಷ್ಮೆ ಇಲಾಖೆಯ ಸಾಹೇಬರೊಬ್ಬರನ್ನು ಹಿಡಿದು ಕೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಅದುರಿದ್ರೆ ಒಂದು ಗಳಿಗೆ ನಿಲ್ಲಿಸ್ತವೆ ಮೇಡಂ, ಆದ್ರೆ ಎಲ್ಲಾನೂ ಒಟ್ಟಿಗೆ, ಅಷ್ಟು ಹೊತ್ತು ನಿಲ್ಲಿಸಿದ್ದು ನಾನು ನೋಡಿಲ್ಲ" ಎಂದರು. ಆಮೇಲೆ ನನ್ನನ್ನು ಸ್ವಲ್ಪ ಅನುಮಾನದಿಂದ ನೋಡಿದರು. ನಾನು ಬೇರೆಯವರನ್ನು ನೋಡುತ್ತಿದ್ದ ಹಾಗೆಯೇ.

ನಾನು ಬಿಡುವ ಪೈಕಿಯಲ್ಲ. ಮುಂದಿನ ಬೆಳೆಗಳಲ್ಲಿ ಒಂದೊಂದಾಗಿ ಪರೀಕ್ಷಿಸಿದೆ. ಫ್ಯಾನು ಆರಿಸಿದೆ, ಬಾಗಿಲು ಮುಚ್ಚಿದೆ, ಅಂಗಳದಲ್ಲಿ ಆಟೋ ನಿಲ್ಲಿಸಿ ಹೊರಡಿಸಿದೆ. ಅತ್ತೆ ಸಂತೆಗೆ ಹೋಗಿದ್ದಾಗ ಅಟ್ಟಣೆಯ ಹತ್ತಿರ ಬಗ್ಗಿ ಸೀಟಿಯನ್ನೂ ಊದಿದೆ. ಅಲ್ಲೊಂದು ಇಲ್ಲೊಂದು ಹುಳ ಒಂದು ಗಳಿಗೆ ತಲೆ ಎತ್ತಿ ಮತ್ತೆ ಮೇಯತೊಡಗಿತು. ಉಳಿದವು ತಮ್ಮ ಪಾಡಿಗೆ ತಾವು.

ಒಂದು ದಿನ ತಡೆಯಲಾರದೆ ಅತ್ತೆಯನ್ನೇ ಕೇಳಿದೆ. ದೇವರು ದಿಂಡರು ಎಂದು ಏನಾದರೂ ಹೇಳುತ್ತಾರೆ, ಜಗಳವಾಡಬಹುದು ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಕೆಲಸ ಬಿಡದೆ, "ನಂಗೇನ್ ಗೊತ್ತಮ್ಮ? ಓದ್ದೋಳು ನೀನು. ಹುಳಾನೇ ಕೇಳು" ಎಂದರು. ಆಮೇಲೆ "ನಾನು ಆ ಮಾತಾಡಿದ್ದು ಮಾತ್ರ ಅವಕ್ಕೆ ಕೇಳ್ಸಿರಬಾರ್ದು ಅಂತ ಬೇಡ್ಕೊಂಡಿದೀನಿ" ಎಂದರು. ಹುಳಕ್ಕೆ ಕಿವಿಯಿಲ್ಲ ಎಂದು ಹೇಳಲು ಆವತ್ತು ನನಗೆ ಬಾಯಿ ಬರಲಿಲ್ಲ.

ಚಿಕಿತ್ಸೆ ಮುಂದುವರಿಯಿತು. ಮಾಂಸ ಮತ್ತೆ ಬೆಳೆಯಿತು, ಮತ್ತೆ ತೆಗೆದರು. ಸ್ಟೆಂಟ್ ಬದಲಾಯಿಸಿ ಸ್ವಲ್ಪ ಉದ್ದದ್ದನ್ನು ಇಟ್ಟರು, ಅಂಚಿಗೆ ಔಷಧಿ ಹಚ್ಚಿದರು. ಆ ಜೂನ್ ತಪ್ಪಿತು. ಇರಲಿ, ಮುಂದಿನ ಜೂನ್ ಇದೆ ಎಂದೆ. ಕೊನೆಗೆ ಆ ಮಾಂಸಕ್ಕೇ ಬೇಜಾರಾಯಿತೇನೋ, ಒಂದು ತಪಾಸಣೆಯಲ್ಲಿ ಅಂಚೆಲ್ಲ ನಯವಾಗಿತ್ತು. ಇನ್ನೂ ಕೆಲವು ತಿಂಗಳು ಕಾದು ಡಾಕ್ಟರು ಸ್ಟೆಂಟನ್ನೇ ತೆಗೆದುಬಿಟ್ಟರು. ನಾಳ ತನ್ನ ಕಾಲ ಮೇಲೆ ತಾನು ನಿಂತಿತು. ಈಗ ಸೀಟಿ ಇಲ್ಲ. ದನಿ ಸ್ವಲ್ಪ ಒರಟಾಗಿದೆ, ಅಷ್ಟೇ. ಹುಳುಮನೆಗೆ ಈಗಲೂ ಹೋಗುತ್ತೇನೆ. ಆದರೆ ಬೆಳಿಗ್ಗೆ ಎದ್ದ ತಕ್ಷಣ ಅಂಗಳದ ಆ ತುದಿಗೆ, ಆ ಸದ್ದು ಮುಟ್ಟದ ಕಡೆ ನಡೆದು ಹೋಗಿ ನಿಂತು ನನ್ನ ಉಸಿರನ್ನು ಕೇಳಿಸಿಕೊಳ್ಳುವುದನ್ನು ತಪ್ಪಿಸುವುದಿಲ್ಲ.

ಕಳೆದ ವರ್ಷ ಹತ್ತನೇ ತರಗತಿಗೆ ಉಸಿರಾಟದ ಪಾಠ ಮಾಡುವಾಗ ಮಕ್ಕಳಿಗೆ ಇದನ್ನೆಲ್ಲ ಹೇಳಿದೆ. ಸ್ಟೆಂಟಿನ ಚಿತ್ರ ಬರೆದು, ಮಾಂಸ ಯಾಕೆ ಬೆಳೆಯುತ್ತದೆ ಎಂದು ವಿವರಿಸಿ, ಆ ಮಧ್ಯಾಹ್ನದ ಸಂಗತಿಯನ್ನೂ ಇದ್ದದ್ದು ಇದ್ದಂತೆ ಹೇಳಿದೆ. ನಮ್ಮ ಮಕ್ಕಳಲ್ಲಿ ಅರ್ಧ ಜನರ ಮನೆಯಲ್ಲಿ ಹುಳುಮನೆ ಇದೆ, ಅವರಿಗೆ ಆ ಸದ್ದು ನಿಲ್ಲುವುದೆಂದರೇನು ಎಂದು ಹೇಳಬೇಕಾಗಿಲ್ಲ. ಕೊನೆಯ ಬೆಂಚಿನಿಂದ ಒಬ್ಬಳು ಎದ್ದು ನಿಂತಳು.

"ಮಿಸ್, ಅರ್ಥ ಆಗ್ಲಿಲ್ಲ. ಹುಳ ಯಾಕೆ ನಿಲ್ಲಿಸ್ದವು?"

ಆ ಮಾತು ಕೇಳುವುದಕ್ಕೆಂದೇ ನಾನು ಅಷ್ಟು ಸಲ ಡಾಕ್ಟರ ಆ ಮೇಜಿನ ಮೇಲೆ ಮಲಗಿದ್ದು. ಬೋರ್ಡಿನ ಹತ್ತಿರ ನಿಂತಲ್ಲಿಂದಲೇ, ಎದೆಯ ತಳದವರೆಗೂ ಉಸಿರು ಎಳೆದುಕೊಂಡು ಉತ್ತರ ಕೊಟ್ಟೆ.

"ಗೊತ್ತಿಲ್ಲ ಕಣಮ್ಮ."

ಕೊನೆಯ ಬೆಂಚಿನವರೆಗೂ ಕೇಳಿಸಿತು.